ಎರಡು ಕೋಟು

ಮಾರ್ಚ್ ಹದಿನಾಲ್ಕು, ಬೆಳಿಗ್ಗೆ ಒಂಬತ್ತು ಇಪ್ಪತ್ತು. ಶವಪೆಟ್ಟಿಗೆ ಬಾಗಿಲಲ್ಲಿ ಸಿಕ್ಕಿಕೊಂಡಿತು.

“ಓರೆ ಮಾಡ್ರೋ, ಓರೆ!” ಸತ್ತವನ ಭಾಮೈದ ಕೂಗಿದ. “ಭಾವ ಜೀವಮಾನವೆಲ್ಲ ಅಳತೆ ಮಾಡಿದವರು. ಅವರ ಪೆಟ್ಟಿಗೆ ಅಳೆಯೋದು ಮಾತ್ರ ಯಾರಿಗೂ ಹೊಳೀಲಿಲ್ಲ.”

“ಒಳಗೆ ತಂದು ಇಳಿಸು,” ಎಂದಳು ಅವನ ಅಕ್ಕ, ಸತ್ತವನ ಹೆಂಡತಿ. “ಷೆಡ್ಡಿಂದ ಫೋನ್ ಬರೋವರೆಗೂ ಎಲ್ಲೂ ಹೋಗೋದು ಬೇಡ.”

“ಕೆಳಗೆ ಗಾಡಿ ಕಾಯ್ತಿದೆ ಅಕ್ಕಾ!”

“ಕಾಯಲಿ. ಆ ಉಕ್ಕಿನ ಪಟ್ಟಿ ಕತ್ತರಿಸಿದಾಗಿನಿಂದ ಅವರು ನೆಟ್ಟಗೆ ನಿದ್ದೆ ಮಾಡ್ಲಿಲ್ಲ. ಮೊನ್ನೆ ಎದೆ ಹಿಡ್ಕೊಂಡು ಕೂತವರು ಏಳಲೇ ಇಲ್ಲ. ಏನಾಯ್ತು ಅಂತ ಗೊತ್ತಾಗದೆ ಕಳಿಸಲ್ಲ.”

ಎಲ್ಲರೂ ಕಿಟಕಿಯ ಬಳಿ ನಿಂತಿದ್ದವಳತ್ತ ನೋಡಿದರು. ಆಕೆ ಸತ್ತವನ ಕೈಕೆಳಗಿನ ಇಂಜಿನಿಯರ್. ಫೋನನ್ನು ಕೈಯಲ್ಲೇ ಹಿಡಿದಿದ್ದಳು.

*

ಸೂರ್ಯನೊಳಗೆ ಪರಮಾಣುಗಳು ಬೆಸೆಯುವಂತೆ ಇಲ್ಲಿ ಬೆಸೆದು ವಿದ್ಯುತ್ ತೆಗೆಯುವ ಯಂತ್ರವನ್ನು ಸತ್ತವನೂ ಆಕೆಯೂ ಜೋಡಿಸುತ್ತಿದ್ದರು. ಅದರ ಉಕ್ಕಿನ ತುಂಡುಗಳು ಬೇರೆ ಬೇರೆ ದೇಶಗಳಿಂದ ಬರುತ್ತಿದ್ದವು. ಕೊನೆಯ ತುಂಡು ಆಗಿನ್ನೂ ಹಡಗಿನಲ್ಲಿತ್ತು. ಅದರ ಪಕ್ಕದ ಸಂದಿಗೆ ಕೂರಿಸುವ ಪಟ್ಟಿಯನ್ನು ಇಲ್ಲಿ ಮೊದಲೇ ಕತ್ತರಿಸಬೇಕಿತ್ತು. ತುಂಡು ಮಾಡಿದ ದೇಶದವರು ಅದರ ಅಳತೆ ಕಳಿಸಿದ್ದರು. ಅಳೆದಾಗಿನ ಉಷ್ಣಾಂಶ ಬರೆಯುವುದನ್ನು ಮರೆತಿದ್ದರು.

ಅವನು ಅಲ್ಲಿಯ ಮೇಸ್ತ್ರಿಗೆ ಫೋನ್ ಮಾಡಿದ. “ಅಳೆಯೋ ದಿನ ಕೋಟು ಹಾಕ್ಕೊಂಡಿದ್ರಾ?”

“ಒಂದಲ್ಲ ಸ್ವಾಮಿ, ಎರಡು! ಹೀಟರ್ ಕೆಟ್ಟಿತ್ತು.”

ಚಳಿಯಲ್ಲಿ ಕುಗ್ಗಿದ ಉಕ್ಕನ್ನು ಅಳೆದಿದ್ದರು. ಇಲ್ಲಿಯ ಬೆಚ್ಚನೆಯ ಷೆಡ್ಡಿನಲ್ಲಿ ಅದು ಹಿಗ್ಗುತ್ತದೆ, ಸಂದಿ ಕಿರಿದಾಗುತ್ತದೆ. ಪಟ್ಟಿಯ ಅಗಲವನ್ನು ನಕ್ಷೆಗಿಂತ ಒಂದು ಮಿಲಿಮೀಟರ್ ಕಡಿಮೆ ಮಾಡಬೇಕು ಎಂದ.

“ಸರ್, ಕೋಟು ನಂಬ್ಕೊಂಡು ಕತ್ತರಿಸೋದಾ? ಉಕ್ಕೇನು ಉಗುರಾ, ಮತ್ತೆ ಬೆಳೆಯೋಕೆ?”

“ನನಗೂ ಭಯಾನೇ ಕಣಮ್ಮ. ಪಟ್ಟಿಗೂ ತುಂಡಿಗೂ ನಡುವಿನ ಬಿಡುವು ಅರ್ಧ ಮಿಲಿಮೀಟರ್ ದಾಟಿದ್ರೆ ಬೆಸುಗೆ ಕೂರಲ್ಲ, ಪಟ್ಟಿ ಗುಜರಿಗೆ. ಇನ್ನೊಂದು ಮಾಡೋಕೆ ವರ್ಷ ಬೇಕು. ಬೇಡ ಅನ್ಸಿದ್ರೆ ಕತ್ತರಿಸೋ ಆದೇಶಕ್ಕೆ ಸಹಿ ಹಾಕಬೇಡ.”

ಅವಳು ಹಾಕಿದಳು.

*

ಫೋನ್ ಬಡಿದುಕೊಂಡಿತು. ತನ್ನ ದೇಶದ ತುಂಡಿನ ಬೆನ್ನಿಗೇ ಬಂದಿದ್ದ ಅದೇ ಮೇಸ್ತ್ರಿ.

“ಪಟ್ಟಿ ಒಳಗೆ ಹೋಯ್ತು,” ಎಂದ. ಅವಳು ಅದನ್ನೇ ಎಲ್ಲರಿಗೂ ಹೇಳಿದಳು.

“ಹೋಯ್ತಂತೆ!” ಎಂದ ಭಾಮೈದ. “ಎತ್ರಪ್ಪಾ ಇನ್ನು.”

“ಸುಮ್ಮನಿರು,” ಎಂದಳು ಅಕ್ಕ. “ಸಣ್ಣದು ಎಲ್ಲಿ ಬೇಕಾದ್ರೂ ಹೋಗುತ್ತೆ. ಬಿಡುವು ಎಷ್ಟಂತೆ, ಕೇಳೇ.”

“ಅಳೀತಿದ್ದಾರಂತೆ.”

ಪೆಟ್ಟಿಗೆ ಎತ್ತಿದವರು ಅದನ್ನು ಮತ್ತೆ ನೆಲಕ್ಕಿಳಿಸಿ ಭುಜ ನೀವಿಕೊಂಡರು. ಅಕ್ಕ ಮುಚ್ಚಳದ ಮೇಲೆ ಅಂಗೈ ಊರಿದಳು.

“ಅಲ್ಲಿ ಈಗ ಎಷ್ಟು ಡಿಗ್ರಿ ಇದೆ? ಅವರಿದ್ದಿದ್ರೆ ಮೊದಲು ಅದನ್ನೇ ಕೇಳೋರು.”

“ಇಪ್ಪತ್ತು.”

ಕೆಳಗೆ ಗಾಡಿಯವನು ಹಾರ್ನ್ ಹೊಡೆದ. ಫೋನಿನಲ್ಲಿ ಏನೋ ಕೇಳಿಸಿ ಇಂಜಿನಿಯರ್ ಕಣ್ಣು ಮುಚ್ಚಿದಳು, ಮತ್ತೊಮ್ಮೆ ಹೇಳಿಸಿಕೊಂಡಳು. ಅಕ್ಕನ ಮುಖ ನೋಡದೆ ಬಂದು ಪೆಟ್ಟಿಗೆಯ ಪಕ್ಕ ನೆಲಕ್ಕೆ ಕುಕ್ಕರಿಸಿ, ಮುಚ್ಚಳದ ಸಂದಿಗೆ ಬಾಗಿದಳು.

“ಸರ್, ಸೊನ್ನೆ ಪಾಯಿಂಟ್ ಎರಡು ಮಿಲಿಮೀಟರ್.”