ಗೀರಿಲ್ಲದ ಡಬ್ಬಿ

ನನ್ನ ಅಡುಗೆಮನೆಯಲ್ಲಿ ಒಂದು ಸ್ಟೀಲಿನ ಡಬ್ಬಿ ಇದೆ. ಮುಚ್ಚಳದ ಮೇಲೆ ಚುಕ್ಕೆ ಚುಕ್ಕೆಯಾಗಿ ನನ್ನ ಹೆಸರು ಕೊರೆದಿದೆ. ಮದುವೆಯಲ್ಲಿ ತವರಿನವರು ಕೊಟ್ಟದ್ದು. ಅದರ ಮೈಮೇಲೆ ಒಂದು ಗೀರೂ ಇಲ್ಲ. ಎಷ್ಟು ಜೋಪಾನವಾಗಿ ಇಟ್ಟಿದ್ದೀರಿ ಎಂದು ನೋಡಿದವರು ಹೊಗಳುತ್ತಾರೆ. ಆ ಹೊಗಳಿಕೆ ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತದೆ.

ಆ ಡಬ್ಬಿ ನನ್ನೊಡನೆ ಆಫ್ರಿಕಾಕ್ಕೆ ಬಂದಿತ್ತು. ನನ್ನ ಗಂಡನ ಅಣ್ಣ ರಘೋತ್ತಮ ಭಾವನವರಿಗೆ ಅರವತ್ತು ತುಂಬಿದಾಗ, ಕಾಡಿನ ಸಿಂಹವನ್ನು ಕಣ್ಣಾರೆ ನೋಡಬೇಕೆಂಬ ಹಟ ಹಿಡಿಯಿತು. ನಮ್ಮ ಮನೆಯಲ್ಲಿ ಅವರ ಮಾತಿಗೆ ಎದುರು ಮಾತಿಲ್ಲ. ನಾನು ಶಾಲೆಯಲ್ಲಿ ಇಂಗ್ಲಿಷ್ ಕಲಿಸುವವಳು. ಅಲ್ಲಿನವರ ಮಾತನ್ನು ಭಾವನವರಿಗೆ, ಭಾವನವರ ಮಾತನ್ನು ಅಲ್ಲಿನವರಿಗೆ ದಾಟಿಸಲು ನಾನು ಬೇಕಾಗಿದ್ದೆ. ಗಂಡನೂ ಬಂದ. ಡಬ್ಬಿಯ ತುಂಬ ಶೇಂಗಾ ಉಂಡೆ.

ಅಭಯಾರಣ್ಯವೆಂದರೆ ಹಸಿರು ಕಾಡು ಎಂದುಕೊಂಡಿದ್ದೆ. ಅಲ್ಲಿದ್ದದ್ದು ಕೆಂಪು ಮರಳು, ಉದ್ದುದ್ದ ಮುಳ್ಳಿನ ಜಾಲಿ, ನೀರಿಲ್ಲದ ಹೊಳೆಯ ಪಾತ್ರ. ನಮ್ಮ ಜೊತೆಗಿದ್ದವನು ಮೊಥುಸಿ. ಜೀಪಿನ ಮೂತಿಗೆ ಬಿಗಿದ ಪುಟ್ಟ ಕುರ್ಚಿಯಲ್ಲಿ ಕೂತು ನೆಲದ ಹೆಜ್ಜೆಗಳನ್ನು ಓದುವುದು ಅವನ ಕೆಲಸ. ಎಡಗಾಲು ಕುಂಟುವ ಚಿರತೆ, ಮರಿ ಇರುವ ಕತ್ತೆಕಿರುಬ, ಎಲ್ಲವನ್ನೂ ಮರಳಿನಲ್ಲೇ ಗುರುತು ಹಿಡಿಯುತ್ತಿದ್ದ.

ಮೊದಲ ಸಂಜೆಯೇ ಅವನು ಎಚ್ಚರಿಸಿದ. "ಬಬೂನ್ ಕೋತಿಗಳಿಗೆ ತಿನ್ನಲು ಕೊಡಬೇಡಿ. ಕೈಯಿಂದ ತಿಂದದ್ದು ನಾಳೆ ಮನೆಗೆ ನುಗ್ಗುತ್ತದೆ. ಕೊಟ್ಟವರು ಯಾರೆಂದು ಗೊತ್ತಾದರೆ ಅವರನ್ನು ಅಂದೇ ಹೊರಗೆ ಕಳಿಸಿ, ಪ್ರಾಣಿಯನ್ನು ದೂರದ ಬೆಟ್ಟಕ್ಕೆ ಬಿಟ್ಟು ಬರುತ್ತೇವೆ. ತಾನಾಗಿ ನುಗ್ಗಿ ಕದಿಯಲು ಕಲಿತದ್ದಾದರೆ ಗುಂಡು ಹೊಡೆಯಬೇಕು. ಹೊಡೆಯುವವನು ನಾನೇ."

ನಾನು ಒಂದಕ್ಷರ ಬಿಡದೆ ಭಾವನವರಿಗೆ ಹೇಳಿದೆ. ಅವರು ನಕ್ಕರು.

ಮರುದಿನ ಶನಿವಾರ. ಗಂಡ ಹೊಟ್ಟೆ ಕೆಟ್ಟು ಅತಿಥಿಗೃಹದ ಒಳಗೆ ಮಲಗಿದ್ದ. ನಾನು ಸ್ನಾನ ಮುಗಿಸಿ ಜಗಲಿಗೆ ಬಂದರೆ, ಭಾವನವರು ಡಬ್ಬಿ ತೆರೆದು ಕುಳಿತಿದ್ದರು. ಎದುರಿಗೆ ನಾಯಿಮೂತಿಯ ದೊಡ್ಡ ಬಬೂನ್. ಅದರ ಒಂದು ಕಿವಿ ಸೀಳಿತ್ತು. ಅವರ ಅಂಗೈಯಿಂದ ಉಂಡೆಯನ್ನು ಅದು ಬಹಳ ಮೆತ್ತಗೆ ಎತ್ತಿಕೊಂಡಿತು.

"ಬ್ಯಾಡ್ರೀ ಭಾವ, ಅವರು ಅಷ್ಟು ಹೇಳ್ಯಾರ," ಎಂದೆ.

"ಏ, ಶನಿವಾರ ಹನುಮಪ್ಪ ತಾನಾಗೇ ಬಾಗಲಿಗೆ ಬಂದಾನ. ಬರಿಗೈಲೆ ಕಳಸ್ಲೇನು? ಸುಮ್ನಿರವಾ."

ಸುಮ್ಮನಾದೆ. ಹದಿನೆಂಟು ವರ್ಷ ಅದನ್ನೇ ಮಾಡಿದವಳು.

ಮಧ್ಯಾಹ್ನ ಅದು ಮತ್ತೆ ಬಂತು. ಈ ಸಲ ಯಾರಿಗೂ ಕಾಯಲಿಲ್ಲ. ಕಿಟಕಿಯಿಂದ ಒಳಗೆ ಹಾರಿ, ಮಲಗಿದ್ದ ಗಂಡನ ಮೇಲೆಯೇ ಚೀಲಗಳನ್ನು ಕಿತ್ತು ಚೆಲ್ಲಿತು. ಅವನ ಕೂಗಿಗೆ ಮೊಥುಸಿ ಓಡಿ ಬಂದ. ಪ್ರಾಣಿ ಅಷ್ಟರಲ್ಲಿ ಹೊರಗೆ ಹಾರಿತ್ತು. ಜಗಲಿಯ ಮೇಜಿನ ಮೇಲೆ ಬೆಳಗಿನ ಡಬ್ಬಿ ಖಾಲಿಯಾಗಿ, ಮುಚ್ಚಳ ಪಕ್ಕದಲ್ಲಿ, ಹಾಗೆಯೇ ಇತ್ತು.

"ಇದಕ್ಕೆ ಮೊದಲು ಯಾರಾದರೂ ತಿನ್ನಲು ಕೊಟ್ಟಿದ್ದರೇ?" ಎಂದು ಮೊಥುಸಿ ಕೇಳಿದ.

ಭಾವನವರು ನನ್ನ ಕಡೆ ತಿರುಗಿದರು. "ಮುಂಜಾನೆ ಡಬ್ಬಿ ಕಸಗೊಂಡು, ತಾನೇ ಮುಚ್ಚಳಾ ತಗದು ತಿಂತು ಅಂತ ಹೇಳವಾ. ನಾಳೆ ಸಿಂಹ ನೋಡೂದೈತಿ."

ನಾನು ಹೇಳಿದೆ. ಒಳ್ಳೆಯ ವ್ಯಾಕರಣದಲ್ಲಿ, ತಪ್ಪಿಲ್ಲದೆ ಹೇಳಿದೆ.

ಮೊಥುಸಿ ಡಬ್ಬಿಯನ್ನು ಎತ್ತಿ ಬಿಸಿಲಿಗೆ ಹಿಡಿದ. ಸುತ್ತ ತಿರುಗಿಸಿದ. ಮುಚ್ಚಳದ ಅಂಚಿನ ಮೇಲೆ ಹೆಬ್ಬೆರಳು ಆಡಿಸಿದ. ಆಮೇಲೆ ಭಾವನವರನ್ನು ಬಿಟ್ಟು ನನ್ನನ್ನೇ ನೋಡಿ ಕೇಳಿದ: "ಅವರು ಹೇಳಿದ್ದು ಗೊತ್ತಾಯಿತು. ನೀವು ಹೇಳಿ. ಕದ್ದದ್ದೇ?"

"ಹೌದು."

"ನೀವು ಕಂಡಿರಾ?"

"ಕಂಡೆ."

ಸಂಜೆ ಹೊಳೆಯ ಪಾತ್ರದ ಕಡೆಯಿಂದ ಒಂದೇ ಒಂದು ಗುಂಡಿನ ಸದ್ದು ಬಂತು. ಭಾವನವರು ಚಹಾ ಕುಡಿಯುತ್ತಿದ್ದರು. "ಪಾಪ," ಎಂದು ಇನ್ನೊಂದು ಬಿಸ್ಕತ್ತು ತೆಗೆದುಕೊಂಡರು. ಆ ಬಿಸ್ಕತ್ತಿನ ತಟ್ಟೆಯನ್ನು ಅವರ ಮುಖಕ್ಕೆ ಎಸೆಯಬೇಕೆನಿಸಿತು. ಎಸೆಯಲಿಲ್ಲ. ಎರಡನೆಯ ಸಲ ಚಹಾ ಬಗ್ಗಿಸಿ ಕೊಟ್ಟೆ.

ಮರುದಿನ ಸಿಂಹ ಕಂಡಿತು. ಜಾಲಿಯ ನೆರಳಲ್ಲಿ ಹೊಟ್ಟೆ ಮೇಲೆ ಮಾಡಿ ಮಲಗಿತ್ತು. ಭಾವನವರು ಹಿಗ್ಗಿ ಹೀರೇಕಾಯಿಯಾದರು. ಮುಂದಿನ ಕುರ್ಚಿಯಲ್ಲಿದ್ದ ಮೊಥುಸಿ ಆ ದಿನವೆಲ್ಲ ಒಂದು ಸಲವೂ ಹಿಂದೆ ತಿರುಗಲಿಲ್ಲ.

ಹೊರಡುವಾಗ ನಮ್ಮ ಚೀಲಗಳನ್ನು ಜೀಪಿಗೆ ಏರಿಸಿದವನು ಅವನೇ. ಡಬ್ಬಿಯನ್ನು ನನ್ನ ಕೈಗೆ ಬೇರೆಯಾಗಿ ಕೊಟ್ಟ.

"ಬಬೂನ್ ಕಿತ್ತುಕೊಂಡ ಡಬ್ಬಿಗಳನ್ನು ಬೇಕಾದಷ್ಟು ನೋಡಿದ್ದೇನೆ," ಎಂದ. "ಅದಕ್ಕೆ ಮುಚ್ಚಳ ತೆಗೆಯುವ ತಾಳ್ಮೆ ಇಲ್ಲ. ಕಚ್ಚುತ್ತದೆ, ಕಲ್ಲಿಗೆ ಬಡಿಯುತ್ತದೆ. ಇದರ ಮೇಲೆ ಒಂದು ಹಲ್ಲಿನ ಗುರುತೂ ಇಲ್ಲ."

"ಗೊತ್ತಿದ್ದೂ ಯಾಕೆ ಹೊಡೆದೆ?" ನನ್ನ ದನಿ ಏರಿತು. ಅವನ ಮೇಲೆ ರೇಗುವ ಹಕ್ಕು ನನಗೆ ಎಲ್ಲಿಂದ ಬಂತೋ!

"ಆಫೀಸಿನಲ್ಲಿ ಅತಿಥಿಗಳ ಮಾತು ನಡೆಯುತ್ತದೆ, ನನ್ನ ಮಾತಲ್ಲ. ಅದಕ್ಕೇ ನಿಮ್ಮನ್ನು ಎರಡು ಸಲ ಕೇಳಿದೆ," ಎಂದು ಅವನು ಜೀಪಿನ ಬಾಗಿಲು ಹಾಕಿದ.

ಭಾವನವರು ಈಗಲೂ ಮದುವೆ ಮುಂಜಿಗಳಲ್ಲಿ ಆ ಕತೆ ಹೇಳುತ್ತಾರೆ. "ಆಫ್ರಿಕಾದಾಗೂ ಹನುಮಪ್ಪ ನಮ್ಮ ಕೈಯಾನ ಉಂಡಿ ತಿಂದ ನೋಡ್ರಿ." ಕೈಯಾರೆ ಕೊಟ್ಟದ್ದನ್ನು ಅಷ್ಟು ಜನರ ಎದುರು ಎಷ್ಟು ಸಲೀಸಾಗಿ ಒಪ್ಪಿಕೊಳ್ಳುತ್ತಾರೆ! ಜನ ನಗುತ್ತಾರೆ. ನಾನು ಎದ್ದು ಒಳಗೆ ಹೋಗುತ್ತೇನೆ.

ಡಬ್ಬಿ ತೊಳೆಯುವಾಗ, ಬೇಡವೆಂದರೂ ಹೆಬ್ಬೆರಳು ಅಂಚಿನ ಸುತ್ತ ಹೋಗುತ್ತದೆ. ಎಲ್ಲೂ ತಡೆಯುವುದಿಲ್ಲ, ನುಣ್ಣಗೆ ಜಾರುತ್ತದೆ. ಮುಚ್ಚಳದ ನಡುವೆ ಬಂದಾಗ ಮಾತ್ರ ಬೆರಳಿಗೆ ತರಿತರಿ ತಾಗುತ್ತದೆ. ಅಲ್ಲಿರುವುದು ನನ್ನ ಹೆಸರು.