ಓಬೇರ್ ಮರದ ಕೆಳಗೆ ಮೂವತ್ತೆಂಟು ಮನೆ

ನಿಂಬೆಯ ಹೋಳು ಪೆಟ್ಟಿಗೆಯ ಮೂಲೆಯವರೆಗೆ ಹೋಗುವುದಿಲ್ಲ, ಬೆರಳಿಗೆ ಬಟ್ಟೆ ಸುತ್ತಿಕೊಂಡು ಒತ್ತಬೇಕು, ಮೀನಿನ ವಾಸನೆ ಅಲ್ಲೇ ಅವಿತು ಕೂರುತ್ತದೆ, ಹಳದಿ ಪ್ಲಾಸ್ಟಿಕ್ಕು, ಮೇಲೆ ಪಿಯೋ ಎಂದು ನಮ್ಮ ಮನೆಮನೆಗೆ ಮೀನು ಮುಟ್ಟಿಸುವ ಕಂಪನಿಯ ಹೆಸರು, ನಮ್ಮ ಮಾತಿನಲ್ಲಿ ಬೇಗ ಎಂದರ್ಥ, ಬೇಗ ಬೇಗ ಎಂದು ಅಟ್ಟುವ ಹಾಗೆ, ವೆಲ್ಮಾ ಮೇಡಂ ಲ್ಯಾಪ್‌ಟಾಪಿನ ಮುಂದೆ ಉಗುರು ಕಚ್ಚುತ್ತ ಕೂತಿದ್ದಾರೆ, ಮಂಗಳವಾರ ನೈರೋಬಿಯಿಂದ ಹಣ ಹಾಕುವವರು ಬರುತ್ತಾರೆ, ಅವರ ಮೂಗಿಗೆ ಮೀನು ತಾಗಬಾರದು, ಗೋಡೆಯ ಪರದೆಯಲ್ಲಿ ಕಿಸುಮು ಊರು ಮಲಗಿದೆ, ಸರೋವರ ನೀಲಿ, ರಸ್ತೆ ಬಿಳಿ, ನಮ್ಮ ಒಂಬತ್ತು ಮಂದಿ ಬೈಕಿನವರು ಒಂಬತ್ತು ಹಳದಿ ಚುಕ್ಕಿ, ನಾಲ್ಕನೆಯ ಚುಕ್ಕಿ ನನ್ನ ಅಣ್ಣ ಒಗ್ವೆನೊ, ಅದು ತೆವಳುತ್ತ ನಮ್ಮ ಬೀದಿಗೇ ಬರುತ್ತಿದೆ, ಮರದ ಕಡೆಗೆ, ಮತ್ತೆ ಮರದ ಕಡೆಗೆ, ಇವತ್ತು ಇದು ಏಳನೇ ಸಲ, ನಾನು ನಿಂಬೆ ಉಜ್ಜುತ್ತೇನೆ.

ಆ ಮರಕ್ಕೆ ಅವನನ್ನು ಕಳಿಸುತ್ತಿರುವುದು ನನ್ನ ಬೆರಳು, ಮೇಡಮ್ಮಿಗೆ ಗೊತ್ತಿಲ್ಲ, ಮೊದಲ ತಿಂಗಳು ಗಿರಾಕಿಗಳ ಮನೆಯನ್ನು ನಕ್ಷೆಯಲ್ಲಿ ಗುರುತು ಹಾಕುವ ಕೆಲಸ ನನಗೆ ಕೊಟ್ಟರು, ನೀನು ಇಲ್ಲೇ ಹುಟ್ಟಿದವಳು ಅವಿನೋ, ನನಗಿಂತ ನಿನಗೇ ಚೆನ್ನಾಗಿ ಗೊತ್ತು ಎಂದರು, ನಾನು ಫೋನ್ ಮಾಡಿ ಕೇಳಿದೆ, ಅಮ್ಮಾ ನಿಮ್ಮ ಮನೆ ಎಲ್ಲಿ, ಓಬೇರ್ ಮರದ ಹತ್ರ ಬಂದು ಫೋನ್ ಮಾಡು ಮಗಳೇ, ಅಕ್ಕಾ ನಿಮ್ಮ ಮನೆ, ಅದೇ ಓಬೇರ್ ಮರ, ಯಾರನ್ನ ಕೇಳಿದ್ರೂ ಹೇಳ್ತಾರೆ, ನಮ್ಮಲ್ಲಿ ಮನೆಗೆ ನಂಬರ್ ಎಲ್ಲಿದೆ, ಎಲ್ಲರೂ ಮರವನ್ನೇ ಹೇಳಿದರು, ನಾನು ಮರದ ಮೇಲೆ ಬೆರಳಿಟ್ಟೆ, ಇನ್ನೊಬ್ಬರು, ಮತ್ತೆ ಅಲ್ಲೇ, ಮೂವತ್ತೆಂಟು ಮನೆಯನ್ನು ಒಂದೇ ಮರದ ಬುಡದಲ್ಲಿ ಒಂದರ ಮೇಲೊಂದು ಪೇರಿಸಿಟ್ಟೆ, ಮೇಡಂ ಪಟ್ಟಿಯನ್ನಷ್ಟೇ ನೋಡಿ ಭೇಷ್ ಎಂದರು, ಬೇಗ ಮುಗಿಸಿಬಿಟ್ಟೆಯಲ್ಲ ಎಂದರು, ಹಾಗೆ ಹೊಗಳಿಸಿಕೊಂಡು ಎಷ್ಟು ವರ್ಷವಾಗಿತ್ತು ನನಗೆ.

ಆದರೆ ಆ ಮರ ಬರಿಯ ಮರವಲ್ಲ, ಅದು ಜನರನ್ನು ಹತ್ತಿಸಿಕೊಂಡು ಹೋಗುವ ಬಾಡಿಗೆ ಬೈಕಿನವರ ಸ್ಟೇಜು, ಅವರ ನಿಲ್ದಾಣ, ಅವರ ನೆರಳು, ಅವರ ಬೆಂಚು, ಅವರ ಸಾಲು, ಬೆಳಿಗ್ಗೆ ಮೊದಲು ಬಂದವನು ಮೊದಲು ನಿಲ್ಲುತ್ತಾನೆ, ಗಿರಾಕಿ ಬಂದರೆ ಮೊದಲನೆಯವನೇ ಹೋಗಬೇಕು, ಮೊದಲನೆಯವನು ಯಾರಿಗೂ ಆಗಲ್ಲ ಅನ್ನುವ ಹಾಗಿಲ್ಲ, ಬಸುರಿಯಿರಲಿ ಕುಡುಕನಿರಲಿ, ಅಲ್ಲಿ ಹೊರಗಿನ ಗಾಡಿ ನಿಲ್ಲುವ ಹಾಗಿಲ್ಲ, ಗಿರಾಕಿ ಹತ್ತಿಸುವ ಹಾಗಿಲ್ಲ, ಸಾಮಾನೂ ಇಳಿಸುವ ಹಾಗಿಲ್ಲ, ಇದು ನನಗೆ ಗೊತ್ತಿರಲಿಲ್ಲವೇ, ಗೊತ್ತಿತ್ತು, ನಕ್ಷೆಯಲ್ಲಿ ಮರ ಇಷ್ಟು ಸಣ್ಣದಾಗಿ ಕಂಡಾಗ ಮರೆತುಹೋಯಿತು, ಪರದೆಯ ಮೇಲೆ ಬೆಂಚು ಕಾಣಿಸುವುದಿಲ್ಲ, ಬೆಂಚಿನ ಮೇಲಿನ ಗಂಡಸರು ಕಾಣಿಸುವುದಿಲ್ಲ.

ಮೊದಮೊದಲು ನಗುತ್ತಿದ್ದರು, ಏ ಹಳದಿ ಪೆಟ್ಟಿಗೆ, ದಿನಾ ಬಂದು ಕೂರ್ತೀಯಲ್ಲ, ನಮ್ಮ ಮರದ ಕೆಳಗೆ ಮೊಟ್ಟೆ ಇಡೋಕೆ ಬರ್ತೀಯಾ, ಒಗ್ವೆನೊ ಬಿಡುತ್ತಾನೆಯೇ, ಮೊಟ್ಟೆ ಇಟ್ರೆ ನಿಂಗೂ ಒಂದು ಕೊಡ್ತೀನಿ ಭಾವಾ, ಕಾವು ಕೊಡೋಕೆ ನಿಂಗೆ ಪುರುಸೊತ್ತು ಇದ್ದೇ ಇದೆಯಲ್ಲ, ಬೆಂಚೆಲ್ಲ ಬಿದ್ದುಬಿದ್ದು ನಕ್ಕಿತು, ಆಮೇಲೆ ನಗು ನಿಂತಿತು, ಹೋದ ವಾರ ಅವನ ಹಿಂದಿನ ಟೈರು ಕುಯ್ದಿದ್ದರು, ಮೀನಿನ ಹೊಟ್ಟೆ ಸೀಳಿದ ಹಾಗೆ ನೆಟ್ಟಗೆ, ಒಂದೇ ಗೀಟು, ಅವನು ಮನೆಗೆ ಬಂದು ಅನ್ನದ ತಟ್ಟೆಯ ಮುಂದೆ ಹೇಳಿದ, ಟೈರು ತಾನೇ, ಹೋಗ್ಲಿ ಬಿಡು, ನನ್ನ ಹೊಟ್ಟೆ ಅಲ್ಲವಲ್ಲ. ಮೂರು ವಾರದ ಹಿಂದೆ ಸ್ಟೇಜಿನ ಚೇರ್ಮನ್ ಒರೆಮೊ ಮೆಟ್ಟಿಲಲ್ಲಿ ನನ್ನನ್ನು ನಿಲ್ಲಿಸಿ ಹೇಳಿದ್ದ, ತಲೆ ನೆರೆತ ಮನುಷ್ಯ, ಮೆಲ್ಲಗೇ ಹೇಳಿದ, ಮಗಳೇ, ನಿಮ್ಮ ಮೇಡಮ್ಮಿಗೆ ಹೇಳು, ರಸ್ತೆ ದಾಟಿ ಪೆಟ್ರೋಲ್ ಬಂಕ್ ಹತ್ರ ನಿಲ್ಲಿ, ನಾವೇನೂ ಅನ್ನಲ್ಲ, ಹುಡುಗರ ಕೈ ನಾನು ಎಷ್ಟು ದಿನ ಹಿಡಿಯಲಿ. ನಾನು ತಲೆಯಾಡಿಸಿದೆ, ಮೇಲೆ ಬಂದೆ, ಮೇಡಂ ಯಾರಿಗೋ ಇಂಗ್ಲಿಷಿನಲ್ಲಿ ಹೇಳುತ್ತಿದ್ದರು, ನಮ್ಮ ಹುಡುಗಿ ಇಡೀ ನಕ್ಷೆಯನ್ನ ಒಬ್ಬಳೇ ಮಾಡಿದಳು ಅಂತ, ಮೂವತ್ತೆಂಟು ಮನೆ ಒಂದೇ ಮರದಲ್ಲಿದೆ ಎಂದು ನಾನು ಹೇಗೆ ಹೇಳಲಿ, ಬಾಯಿ ತೆರೆದೆ, ಟೀ ಬೇಕಾ ಮೇಡಂ ಎಂದೆ.

ಏಳನೇ ತರಗತಿಯಲ್ಲೂ ಹೀಗೇ, ಉತ್ತರ ಗೊತ್ತಿತ್ತು, ನಾಲಿಗೆ ಬರಲಿಲ್ಲ, ಮೇಷ್ಟ್ರು ನೀರಿನ ಪೈಪಿನ ತುಂಡು ತಂದು ಕಾಲಿನ ಹಿಂದೆ ಹೊಡೆದರು, ಹೇಳು, ಒಂದು, ಹೇಳು, ಎರಡು, ಉತ್ತರ ನನ್ನ ಹಲ್ಲಿನ ಹಿಂದೆಯೇ ಇತ್ತು, ಹನ್ನೊಂದು ಏಟಿನವರೆಗೂ ಅಲ್ಲೇ ಇತ್ತು, ಮರುದಿನ ನಾನು ಶಾಲೆಗೆ ಹೋಗಲಿಲ್ಲ, ಅದರ ಮರುದಿನವೂ —

ಕಳ್ಳ, ಯಾರೋ ಕೂಗಿದರು, ಕೆಳಗೆ, ಕಳ್ಳ ಕಳ್ಳ ಗಾಡಿ ಕಳ್ಳ, ನಿಂಬೆ ಕೈಯಿಂದ ಜಾರಿತು, ಆ ಒಂದು ಮಾತು ಸಾಕು, ಬೆಂಕಿಪೊಟ್ಟಣ ಬೇಕಿಲ್ಲ, ಕಿಟಕಿಗೆ ಓಡಿದೆ, ಮರದ ಕೆಳಗೆ ಹಳದಿ ಪೆಟ್ಟಿಗೆ ಉರುಳಿ ತಿಲಾಪಿಯ ಮೀನುಗಳು ಮಣ್ಣಿನಲ್ಲಿ, ಒಗ್ವೆನೊ ಕೈ ಎತ್ತಿ ಏನೋ ಹೇಳುತ್ತಿದ್ದಾನೆ, ನಗುತ್ತಲೇ ಇದ್ದಾನೆ ಮೂರ್ಖ, ಹೆಲ್ಮೆಟ್ಟಿನ ಮೇಲೆ ಕಬ್ಬಿಣದ ಸರಳು ಬಿದ್ದ ಸದ್ದು ಇಲ್ಲಿಯವರೆಗೆ ಕೇಳಿತು, ಠಣ್, ಪಾತ್ರೆ ಬಿದ್ದ ಹಾಗೆ, ಆಮೇಲೆ ಹೆಲ್ಮೆಟ್ ಇಲ್ಲ, ಆಮೇಲೆ ಸದ್ದು ಬೇರೆ, ಮೆತ್ತಗೆ, ಕಟುಕನ ಅಂಗಡಿಯಿಂದ ಒಬ್ಬ ಎದ್ದು ಬಂದ, ಏನು ಕದ್ದ ಎಂದು ಕೇಳಲೂ ಇಲ್ಲ, ಬರುತ್ತಲೇ ಒದ್ದ, ಟೊಮೇಟೊ ಮಾರುವ ಹೆಂಗಸು ಕಲ್ಲು ಹುಡುಕಿ ಸೆರಗಿನಲ್ಲಿ ತುಂಬಿಕೊಂಡಳು, ದಿನಾ ನಮ್ಮಿಂದ ಮೀನು ತರಿಸುವವಳು, ಅವಳ ಮನೆಯನ್ನೂ ನಾನು ಆ ಮರದ ಬುಡದಲ್ಲೇ ಇಟ್ಟಿದ್ದೇನೆ, ಇನ್ನೊಬ್ಬ ಹಳೆಯ ಟೈರನ್ನು ಉರುಳಿಸಿಕೊಂಡು ಬರುತ್ತಿದ್ದಾನೆ, ಮಕ್ಕಳ ಆಟದಂತೆ ಕೈಯಿಂದ ತಟ್ಟುತ್ತ, ಟೈರು ಯಾಕೆ ಎಂದು ನನಗೆ ಗೊತ್ತು, ಕಳ್ಳನ ಕೊರಳಿಗೆ ಹಾಕಿ ಬೆಂಕಿ ಕೊಡಲು, ಒಂಬತ್ತು ವರ್ಷದವಳಿದ್ದಾಗ ಅಮ್ಮ ನನ್ನ ಕಣ್ಣು ಮುಚ್ಚಿದ್ದಳು, ಮೂಗು ಮುಚ್ಚಲು ಅವಳಿಗೆ ಇನ್ನೊಂದು ಕೈ ಇರಲಿಲ್ಲ. ಜನರ ಕಾಲುಗಳ ನಡುವೆ ಅವನ ಒಂದು ಪಾದ ಕಂಡಿತು, ಚಪ್ಪಲಿ ಕಳಚಿದೆ, ಹೆಬ್ಬೆರಳು ಅಲ್ಲಾಡಿತು.

ಕಿಟಕಿ ಮುಚ್ಚು ಅವಿನೋ, ಮೇಡಂ ಬಾಗಿಲಿಗೆ ಚಿಲಕ ಹಾಕಿದರು, ಪೊಲೀಸರಿಗೆ ಫೋನ್, ಅವರ ಗಲ್ಲದ ಮೇಲೆ ನೀರು, ಗಾಡಿ ಇಲ್ಲ ಅಂದ್ರೆ ಏನ್ರೀ ಅರ್ಥ, ನಡ್ಕೊಂಡು ಬನ್ನಿ, ಓಡ್ಕೊಂಡು ಬನ್ನಿ, ನನ್ನ ಕಡೆ ತಿರುಗಿ, ಹೋಗ್ಬೇಡ, ಮೈಮೇಲೆ ನಮ್ಮ ಹಳದಿ ಅಂಗಿ ಇದೆ ಕಣೇ, ನಿನ್ನನ್ನೂ ಕೊಂದು ಹಾಕ್ತಾರೆ, ನಾನು ಹೋಗಲಿಲ್ಲ, ಏನು ಮಾಡಿದೆ ನಾನು, ಲ್ಯಾಪ್‌ಟಾಪಿನ ಮುಂದೆ ಕೂತು ಮರದ ಮೇಲಿನ ಮೊದಲ ಮನೆಯನ್ನು ಬೆರಳಲ್ಲಿ ಎತ್ತಿ ರಸ್ತೆಯಾಚೆ ಇಟ್ಟೆ, ಪೆಟ್ರೋಲ್ ಬಂಕಿನ ಹತ್ತಿರ, ಎರಡನೆಯದು, ಮೂರನೆಯದು, ಕೆಳಗೆ ಸದ್ದು, ನಾಲ್ಕು, ಬೆರಳಲ್ಲಿ ನಿಂಬೆ, ಜಾರುತ್ತದೆ, ಐದು, ಎಲ್ಲವನ್ನೂ ಆಚೆ ಇಟ್ಟರೆ ಅವನು ಅಲ್ಲಿ ಇರುವುದಿಲ್ಲ, ಆರು, ಏನ್ ಮಾಡ್ತಿದ್ದೀಯ ಅವಿನೋ, ಮೇಡಂ ಕಿರುಚಿದರು, ಪರದೆ ನೋಡಿದರು, ಒಂದೇ ಮರದಲ್ಲಿ ಮೂವತ್ತೆರಡು, ನಾನು ಅಂಗಿ ಕಳಚಿ ಒಳಂಗಿಯಲ್ಲೇ ಚಿಲಕ ತೆಗೆದೆ.

ಮೆಟ್ಟಿಲು, ಬಿಸಿಲು, ಪೆಟ್ರೋಲಿನ ವಾಸನೆ, ಬೆನ್ನುಗಳು, ಬೆವರಿನ ಬೆನ್ನುಗಳ ಗೋಡೆ, ನನ್ನ ಮೊಣಕೈ ಯಾರ ಪಕ್ಕೆಗೋ ತಾಗಿತು, ಯಾರೋ ನನ್ನ ಕೂದಲು ಹಿಡಿದು ಎಳೆದರು, ಸರಿ ಆಚೆ, ಒಂದು ಹಿಡಿ ಕೂದಲು ಅವರ ಕೈಯಲ್ಲೇ ಬಿಟ್ಟೆ, ಯಾರದೋ ಮಣಿಕಟ್ಟು ಕಚ್ಚಿದೆ, ಉಪ್ಪು, ನನ್ನ ಬೆನ್ನಿಗೊಂದು ಸರಳು ಬಿತ್ತು, ನೋವು ಆಮೇಲೆ ಬರಲಿ, ನಾನು ಅವನ ಮೇಲೆ ಬಿದ್ದೆ, ಉದ್ದಕ್ಕೆ, ಮುಚ್ಚಳದ ಹಾಗೆ, ಅವನ ಮುಖ ಎಲ್ಲಿ, ಇದು ಅವನ ಮುಖವೇ, ಹೇಳು, ಹಲ್ಲಿನ ಹಿಂದೆ ಇದೆ, ಹೇಳು, ಬಂತು, ನನ್ನದೇ ಎಂದು ಗುರುತು ಸಿಗದ ಗಂಟಲು, ಕದ್ದಿಲ್ಲ ಇವನು, ನನ್ನಣ್ಣ ಇವನು, ಮರದ ಕೆಳಗೆ ಕಳಿಸಿದ್ದು ನಾನು, ನನ್ನನ್ನ ಹೊಡೀರಿ, ನಾನು ಗುರುತು ಹಾಕಿದ್ದು. ಟೈರು ಉರುಳಿ ಬಂದು ನನ್ನ ಸೊಂಟಕ್ಕೆ ತಾಗಿ ನಿಂತಿತು. ಹೆಂಗಸು ಕಣ್ರೋ, ಯಾರೋ ಅಂದರು, ಸಾಕು, ಸಾಕು ಬಿಡ್ರೋ, ಚೇರ್ಮನ್ ಒರೆಮೊ ತೋಳು ಚಾಚಿ ನಡುವೆ ನಿಂತ, ಈಗ ಬಂದೆಯಾ, ಇಷ್ಟು ಹೊತ್ತು ಎಲ್ಲಿದ್ದೆ, ನಾನೂ ಎಲ್ಲಿದ್ದೆ. ಬೈಕಿಗೆ ಬೆಂಕಿ ಕೊಟ್ಟರು, ಅವನಿಗೆ ಕೊಡಲಿಲ್ಲ, ಅಷ್ಟು ದಕ್ಕಿತು.

ಜನ ಕರಗಿದರು, ಟೊಮೇಟೊ ಹೆಂಗಸು ಸೆರಗಿನ ಕಲ್ಲು ಕೊಡವಿಕೊಂಡು ಟೊಮೇಟೊಗೆ ನೀರು ಚಿಮುಕಿಸಲು ಹೋದಳು, ಸ್ಟೇಜಿನವರು ಬೈಕುಗಳನ್ನು ಮತ್ತೆ ಸಾಲಿಗೆ ನಿಲ್ಲಿಸಿದರು, ಒಂದರ ಹಿಂದೆ ಒಂದು, ಹನ್ನೆರಡು, ಯಾರು ಮೊದಲು ಯಾರು ಆಮೇಲೆ ಎಂಬ ಬಗ್ಗೆ ಸಣ್ಣ ಜಗಳವೂ ಆಯಿತು, ಅಣ್ಣನ ತಲೆ ನನ್ನ ತೊಡೆಯ ಮೇಲೆ ಬಿಸಿಯಾಗಿ ಒದ್ದೆಯಾಗಿ, ಉಸಿರಿಗೊಂದು ಗುಳ್ಳೆ, ಅವನ ಪಾದ ಅಲ್ಲಿ ದೂರ, ಹೆಬ್ಬೆರಳು, ಅಲ್ಲಾಡಿತು, ಆಸ್ಪತ್ರೆಗೆ ಬೈಕಿನಲ್ಲಿ ಆರು ನಿಮಿಷ, ನಕ್ಷೆ ಹೇಳುತ್ತದೆ, ಆರೇ ನಿಮಿಷ, ಅವನ ತಲೆಯನ್ನು ಮೆಲ್ಲಗೆ ಮಣ್ಣಿಗಿಳಿಸಿ ಎದ್ದೆ, ಸಾಲಿನ ಮೊದಲಿಗೆ ಹೋದೆ, ಒಡಾಕ್, ನಮ್ಮ ಬೀದಿಯವನೇ, ಕೈಯಲ್ಲಿ ಕೀಲಿ, ಕೀಲಿಯನ್ನೇ ನೋಡುತ್ತಿದ್ದಾನೆ, ಗಿರಾಕಿ ಬಂದಿದ್ದೇನೆ, ಅಣ್ಣಾ ಎಂದೆ, ಅವನು ತಲೆ ಎತ್ತಲಿಲ್ಲ, ಎರಡನೆಯವನು ಕನ್ನಡಿ ಒರೆಸಿದ, ಮೂರನೆಯವನು ಫೋನನ್ನು ಕಿವಿಗಿಟ್ಟುಕೊಂಡ, ಫೋನು ಬಂದಿರಲಿಲ್ಲ, ತಿರುಗಿ ನೋಡಿದೆ, ಹೆಬ್ಬೆರಳು, ಮಣ್ಣು ಮೆತ್ತಿದ ಹೆಬ್ಬೆರಳು, ಅಲ್ಲಾಡಿತೇ, ನನ್ನ ಕಣ್ಣು ಅಲ್ಲಾಡಿತೇ, ನಾಲ್ಕನೆಯವನು, ಐದನೆಯವನು, ಹೆಬ್ಬೆರಳು, ಮತ್ತೆ ಮೊದಲನೆಯವನ ಮುಂದೆ ಬಂದು ನಿಂತೆ, ಹೆಬ್ಬೆರಳು, ಒಡಾಕಣ್ಣಾ, ಇವನನ್ನ ಆಸ್ಪತ್ರೆಗೆ ಕರ್ಕೊಂಡು ಹೋಗಿ.