ಶನಿವಾರದ ಟ್ಯಾಂಗೊ

"ನೀನು ಮುಟ್ಟಬೇಡ," ಎಂದು ರಾಮೀರೊ ತಂಗಿಯ ಕೈಯನ್ನು ಶವಪೆಟ್ಟಿಗೆಯ ಹಿಡಿಯಿಂದ ಬಿಡಿಸಿದ.

ನೋರ್ಮಾ ಹಿಂದೆ ಸರಿದಳು. ಚಾಕರೀತಾ ಸ್ಮಶಾನದ ಬಾಗಿಲಲ್ಲಿ ಜುಲೈ ತಿಂಗಳ ನಡುಚಳಿಗಾಲದ ಗಾಳಿ ಕೊರೆಯುತ್ತಿತ್ತು.

"ಕಿವಿ ಕೇಳದ ಅಪ್ಪನ್ನ ಇಂಥ ಚಳೀಲಿ ಸಂಗೀತ ಕೇಳಿಸೋಕೆ ಕರ್ಕೊಂಡು ಹೋಗಿದೀಯ. ನ್ಯುಮೋನಿಯಾ ಬರದೆ ಇನ್ನೇನು ಬರುತ್ತೆ?"

"ಸಾಕು ಮಾಡೋ," ಎಂದ ಫೆರ್ಮಿನ್. ಸತ್ತ ಎವುಸೆಬಿಯೊನ ಜೊತೆ ರೈಲ್ವೆ ಕಾರ್ಖಾನೆಯಲ್ಲಿ ದುಡಿದವನು. "ನಿಮ್ಮಪ್ಪಂಗೆ ಕೇಳಿಸಿದ್ರೆ ಎದ್ದು ಬಂದು ಇಬ್ಬರಿಗೂ ಬಾರಿಸ್ತಿದ್ದ. ಪುಣ್ಯಕ್ಕೆ ಕಿವುಡ."

ಎವುಸೆಬಿಯೊನ ಹೆಂಡತಿ ಎಲ್ವೀರಾ ನಕ್ಕಳು. ನಗು ಅರ್ಧಕ್ಕೇ ಅಳುವಾಯಿತು.

*

ಎವುಸೆಬಿಯೊ ಬಾಯ್ಲರುಗಳಿಗೆ ರಿವೆಟ್ ಬಡಿಯುತ್ತಿದ್ದ. ವಾರವಿಡೀ ಕಬ್ಬಿಣದ ಸದ್ದು. ಶನಿವಾರ ಸಂಜೆ ಬಡಾವಣೆಯ ಕ್ಲಬ್ಬಿನಲ್ಲಿ ಎಲ್ವೀರಾಳ ಜೊತೆ ಟ್ಯಾಂಗೊ. ಕುಣಿತದಲ್ಲಿ ಅಂಥ ಗಟ್ಟಿಗನೇನಲ್ಲ. ಹೆಂಡತಿಯ ಕಾಲು ತುಳಿದು ತಾನೇ "ಅಯ್ಯೋ" ಎನ್ನುವವನು. ಐವತ್ತು ದಾಟುವಷ್ಟರಲ್ಲಿ ಕಿವಿ ಪೂರ್ತಿ ಹೋಯಿತು. ಒಂದು ಶನಿವಾರ ತಾಳ ತಪ್ಪಿ ಇನ್ನೊಂದು ಜೋಡಿಗೆ ಡಿಕ್ಕಿ ಹೊಡೆದ. ಜನ ನಕ್ಕರು. ಮರುದಿನ ಮನೆಯ ರೇಡಿಯೊವನ್ನು ಪಕ್ಕದವರಿಗೆ ಕೊಟ್ಟುಬಿಟ್ಟ.

ಆಮೇಲೆ ಎಲ್ವೀರಾ ಅಡುಗೆಮನೆಯಲ್ಲಿ ಗುನುಗುವುದನ್ನೂ ಬಿಟ್ಟಳು. ಅವನಿಗೆ ಕೇಳಿಸದಿದ್ದರೇನು, ತುಟಿ ಅಲ್ಲಾಡುವುದು ಕಾಣುತ್ತಿತ್ತಲ್ಲ.

*

ಮಣ್ಣು ಮಾಡಿದ ಮೇಲೆ ಎಲ್ವೀರಾ ಮಗಳ ತೋಳು ಹಿಡಿದಳು. "ನಂಗೊಂದು ಮಾತೂ ಹೇಳದೆ ಯಾಕೆ ಹೋದ್ರಿ?"

"ಅಪ್ಪನೇ ಹೇಳಬೇಡ ಅಂದ್ರಮ್ಮ. ಆ ಥಿಯೇಟರು ಪೂರ್ತಿ ಮರದ್ದು, ವಾದ್ಯ ನುಡಿಸಿದ್ರೆ ಮೈಗೆ ತಾಕುತ್ತೆ ಅಂತ ಫೆರ್ಮಿನ್ ಮಾಮ ಹೇಳಿದ್ರಂತೆ. ಮೊದಲು ನಾನು ನೋಡಿ ಬರ್ತೀನಿ, ನಿಜ ಆದ್ರೆ ಮುಂದಿನ ಶನಿವಾರ ನಿಮ್ಮಮ್ಮನ್ನ ಕರ್ಕೊಂಡು ಬರ್ತೀನಿ ಅಂದ್ರು."

"ಮುಂದಿನ ಶನಿವಾರ ಅಂದ್ರೆ..."

"ಇವತ್ತು."

ಫೆರ್ಮಿನ್ ಟೋಪಿ ತೆಗೆದು ಆಚೆ ತಿರುಗಿ ನಿಂತ. ರಾಮೀರೊ ಬೂಟಿನ ಮಣ್ಣನ್ನು ಕಲ್ಲಿಗೆ ಒರೆಸುತ್ತ, ತಲೆ ಎತ್ತದೆ ಕೇಳಿದ:

"ಕೇಳಿಸ್ತಾ ಅಪ್ಪಂಗೆ?"

*

ಹಿಂದಿನ ಶನಿವಾರ ಥಿಯೇಟರಿನಲ್ಲಿ ಅಪ್ಪ-ಮಗಳ ಜಾಗ ಮೇಲಿನ ಗ್ಯಾಲರಿಯ ಮೊದಲ ಸಾಲಿನಲ್ಲಿತ್ತು. ಚಾವಣಿಯ ಬಂಗಾರದ ಬಣ್ಣ ಕಳಚಿತ್ತು; ಜನ ಕೋಟು ಬಿಚ್ಚದೆ ಕೂತಿದ್ದರು. ಕೆಳಗೆ ಬಾಂಡೋನಿಯನ್ ವಾದಕರು ತೊಡೆಯ ಮೇಲಿನ ತಿದಿಗಳನ್ನು ಎಳೆದು ಬಿಡತೊಡಗಿದರು. ಎವುಸೆಬಿಯೊ ಸುಮ್ಮನೆ ನೋಡುತ್ತಿದ್ದ. ಎರಡು ಹಾಡು ಮುಗಿದವು. ಹೋಗೋಣವೇ ಎಂದು ನೋರ್ಮಾ ಸನ್ನೆ ಮಾಡಿದಳು.

ಅವನು ಬೇಡವೆಂದು ತಲೆಯಾಡಿಸಿ, ಕೈಗವಸು ತೆಗೆದು, ಎದುರಿನ ಮರದ ಕಟಾಂಜನಕ್ಕೆ ಎರಡೂ ಅಂಗೈ ಒತ್ತಿದ. ಬಹಳ ಹೊತ್ತು ಹಾಗೇ ಇದ್ದ. ಆಮೇಲೆ ಬಾಗಿ ಹಣೆಯನ್ನೂ ಒತ್ತಿದ.

"ಇದೆ!" ಎಂದು ಕೂಗಿಬಿಟ್ಟ. "ಇದೆ ಕಣೇ, ಎಲ್ಲೂ ಹೋಗಿಲ್ಲ!"

ಅಕ್ಕಪಕ್ಕದವರು "ಶ್!" ಎಂದರು. ನೋರ್ಮಾ ಅಪ್ಪನ ಬೆನ್ನ ಮೇಲೆ ಕೈಯಿಟ್ಟಳು. ಅದು ಅದುರುತ್ತಿತ್ತು.

ಚಪ್ಪಾಳೆ ನಿಂತು ಜನ ಮೆಟ್ಟಿಲಿಳಿದು ಹೋದ ಮೇಲೂ ಅವನು ಕೈ ತೆಗೆಯಲಿಲ್ಲ. ಕೊನೆಗೆ ನೋರ್ಮಾಳೇ ಎಬ್ಬಿಸಿದಳು. ಮೆರುಗು ಹಚ್ಚಿದ ತಣ್ಣನೆಯ ಮರದ ಮೇಲೆ ಎರಡು ಅಂಗೈಗಳ ಹಬೆ ಗುರುತು ಉಳಿದಿತ್ತು. ಅವಳು ನೋಡುತ್ತಿದ್ದ ಹಾಗೆಯೇ, ಬೆರಳ ತುದಿಗಳಿಂದ ಶುರುವಾಗಿ, ಅದು ಆರತೊಡಗಿತು.